ಬಿಚ್ಚಿ ಜೋಡಿಸಿದ ಮೇಲೆ ಜೀಪಿನ ಸ್ಟೀರಿಂಗ್ ಬಿಗಿಯಾದರೆ

ಪೊಳ್ಳಾಚಿ, ಆನೆಮಲೆ, ಉಡುಮಲಪೇಟೆ ಕಡೆಯ ತೋಟಗಳಲ್ಲಿ ಹಳೆಯ ಜೀಪುಗಳು ಇನ್ನೂ ದುಡಿಯುತ್ತಿವೆ. ತೆಂಗಿನಕಾಯಿ ಸಾಗಿಸುವುದಕ್ಕೂ, ಗೊಬ್ಬರದ ಮೂಟೆ ತರುವುದಕ್ಕೂ, ಮಳೆ ಬಿದ್ದ ಮೇಲೆ ಕೆಸರಾದ ತೋಟದ ದಾರಿ ದಾಟುವುದಕ್ಕೂ ಅದಕ್ಕಿಂತ ಒಗ್ಗುವ ಗಾಡಿ ಇನ್ನೊಂದಿಲ್ಲವೆಂದು ಅನೇಕರ ಅನುಭವ. ಅಮೆರಿಕದ ವಿಲ್ಲೀಸ್ ಜೀಪನ್ನು ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಿಸಲಾರಂಭಿಸಿದರು. ಆಮೇಲೆ ಹಲವು ದಶಕಗಳ ಕಾಲ ಅದೇ ರೂಪದ ಜೀಪುಗಳು ಇಲ್ಲಿಯೇ ತಯಾರಾದವು. ಆದಕಾರಣ ಅಜ್ಜ ಕೊಂಡ ಜೀಪನ್ನು ಮೊಮ್ಮಗ ಓಡಿಸುತ್ತಿರುವ ಮನೆಗಳು ನಮ್ಮಲ್ಲಿ ಇವೆ.

ಹಳೆಯ ಗಾಡಿ ಎಂದ ಮೇಲೆ ಬಿಚ್ಚುವುದು, ಜೋಡಿಸುವುದು ತಪ್ಪದು. ಬಿಚ್ಚುವುದು ಸುಲಭ. ಮರಳಿ ಜೋಡಿಸಿದಾಗಲೇ ತೊಂದರೆಗಳು ತಲೆಯೆತ್ತುವುದು. ಎಂಜಿನ್ನಿನಲ್ಲಿ ತಪ್ಪಾದರೆ ಗಾಡಿ ನಿಂತೀತು, ನಷ್ಟ ಹಣಕ್ಕೆ. ಸ್ಟೀರಿಂಗಿನಲ್ಲಿ ತಪ್ಪಾದರೆ ಗಾಡಿ ನಿಲ್ಲುವುದಿಲ್ಲ, ನಷ್ಟ ಪ್ರಾಣಕ್ಕೆ. ಈ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ.

ನಮ್ಮ ಜೀಪಿನ ಸ್ಟೀರಿಂಗ್ ಪೆಟ್ಟಿಗೆಯಿಂದ ಎಣ್ಣೆ ಸೋರುತ್ತಿತ್ತು. ಪಟ್ಟಣದ ಒಂದು ವರ್ಕ್‌ಶಾಪಿಗೆ ಬಿಟ್ಟೆವು. ಅವರು ಬಿಚ್ಚಿ, ತೊಳೆದು, ಹೊಸ ಸೀಲು ಹಾಕಿ, ಸಂಜೆಗೆ ಕೊಟ್ಟರು. ಸೋರುವುದು ನಿಂತಿತ್ತು. ಆದರೆ ಚಕ್ರ ತಿರುಗಿಸಲು ಭಾರವಾಗಿತ್ತು. ಕೇಳಿದಾಗ, "ಹೊಸದಾಗಿ ಬಿಗಿದಿದ್ದೇವೆ, ಓಡುತ್ತ ಓಡುತ್ತ ತಾನೇ ಸಡಿಲವಾಗುತ್ತದೆ" ಎಂದರು. ನಾವೂ ನಂಬಿದೆವು. ಮರುದಿನ ಬೆಳಿಗ್ಗೆ ಕಾಯಿ ತುಂಬಿಕೊಂಡು ಕಾಲುವೆಯ ಏರಿಯ ಮೇಲೆ ಹೊರಟೆವು. ಸೇತುವೆಯ ತಿರುವು ಮುಗಿದಾಗ ಎಂದಿನಂತೆ ಚಕ್ರವನ್ನು ಕೈಯಲ್ಲಿ ಜಾರಬಿಟ್ಟೆವು. ಅದು ಅರ್ಧ ದಾರಿ ಹಿಂದಿರುಗಿ ಅಲ್ಲಿಯೇ ನಿಂತಿತು. ಗಾಡಿ ನೆಟ್ಟಗಾಗಲಿಲ್ಲ, ಕಾಲುವೆಯ ಕಡೆಗೇ ವಾಲಿಕೊಂಡು ಓಡಿತು. ಎರಡೂ ಕೈಯಿಂದ ಎಳೆಯುವಷ್ಟರಲ್ಲಿ ಮುಂದಿನ ಗಾಲಿ ಏರಿಯ ಅಂಚಿನ ಕಲ್ಲಿಗೆ ಬಡಿದು ನಿಂತಿತು. ಹಿಂದೆ ಕಾಯಿಯ ಮೇಲೆ ಕುಳಿತಿದ್ದ ತೋಟದ ಹುಡುಗ ಕೆಳಕ್ಕೆ ಬಿದ್ದು ಮುಂಗೈ ಮುರಿದುಕೊಂಡ. ಆ ಕಲ್ಲು ಇಲ್ಲದಿದ್ದರೆ ಈ ಲೇಖನ ಬರೆಯಲು ನಾವು ಇರುತ್ತಿರಲಿಲ್ಲ.

ಜೋಡಿಸಿದವರದು ಒಂದು ತಪ್ಪಾದರೆ, ಭಾರವೆಂದು ತಿಳಿದೂ ಓಡಿಸಿದ ನಮ್ಮದು ಇನ್ನೊಂದು ತಪ್ಪು. ಬಿಗಿಯಾದ ಸ್ಟೀರಿಂಗ್ ಓಡಿದರೆ ಸಡಿಲವಾಗುತ್ತದೆ ಎಂಬ ಮಾತು ಸುಳ್ಳು. ಓಡಿದರೆ ಅದು ಸವೆಯುತ್ತದೆ, ಇಲ್ಲವೇ ಸಿಕ್ಕಿಕೊಳ್ಳುತ್ತದೆ. ಬಿಗಿತಕ್ಕೆ ಕಾರಣವಿದ್ದೇ ಇರುತ್ತದೆ. ಆ ಕಾರಣವನ್ನು ಗಾಡಿ ನಿಂತಿರುವಾಗಲೇ ಹುಡುಕಬೇಕು. ಹುಡುಕುವ ಕ್ರಮವನ್ನು ಕೆಳಗೆ ತಿಳಿಸಿದ್ದೇವೆ.

ಮೊದಲು ಹೆಸರುಗಳು

ನಾವು ಮನೆಯಲ್ಲಿ ಕನ್ನಡವಾಡಿದರೂ ವರ್ಕ್‌ಶಾಪಿನ ಮಾತು ತಮಿಳು, ಬಿಡಿಭಾಗಗಳ ಹೆಸರು ಇಂಗ್ಲಿಷು. ಹೆಸರು ತಿಳಿಯದವನು ಏನನ್ನು ಬಿಗಿದರು, ಏನನ್ನು ಬಿಟ್ಟರು ಎಂದು ಕೇಳಲಾರ. ಆದುದರಿಂದ ಇಷ್ಟನ್ನು ನೆನಪಿನಲ್ಲಿಡಿ.

ಕೈಯಲ್ಲಿ ಹಿಡಿಯುವುದು ಸ್ಟೀರಿಂಗ್ ಚಕ್ರ. ಅದರಿಂದ ಕೆಳಗೆ ಇಳಿಯುವ ಉದ್ದನೆಯ ಉಕ್ಕಿನ ಕಂಬಿಯೇ ಶಾಫ್ಟು. ಶಾಫ್ಟಿನ ಸುತ್ತ ಇರುವ ಕೊಳವೆಗೆ ಕಾಲಮ್ ಎನ್ನುತ್ತಾರೆ. ನಾವು ಕಂಬ ಎನ್ನೋಣ. ಈ ಕಂಬವನ್ನು ಚಾಲಕನ ಎದುರಿನ ಹಲಗೆಗೆ, ಅಂದರೆ ಡ್ಯಾಶಿಗೆ, ಒಂದು ಪಟ್ಟಿಯಿಂದ ಬಿಗಿದಿರುತ್ತಾರೆ. ಕಂಬದ ಬುಡದಲ್ಲಿ, ಗಾಡಿಯ ಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸಿರುವುದು ಸ್ಟೀರಿಂಗ್ ಪೆಟ್ಟಿಗೆ. ಪೆಟ್ಟಿಗೆಯಿಂದ ಹೊರಬಂದು ಮುಂದಕ್ಕೂ ಹಿಂದಕ್ಕೂ ಆಡುವ ತೋಳು ಡ್ರಾಪ್ ಆರ್ಮ್. ಅದರ ತುದಿಗೆ ಸಿಕ್ಕಿಸಿದ ಸರಳು ಡ್ರ್ಯಾಗ್ ಲಿಂಕ್. ಅಲ್ಲಿಂದ ಮುಂದೆ ಬೆಲ್ ಕ್ರ್ಯಾಂಕು, ಟೈ ರಾಡುಗಳು, ಕೊನೆಗೆ ಗಾಲಿಗಳು.

ಹಳೆಯ ಜೀಪುಗಳ ಪೆಟ್ಟಿಗೆ ರಾಸ್ ಎಂಬ ಅಮೆರಿಕದ ಕಂಪನಿಯ ಮಾದರಿ. ಶಾಫ್ಟಿನ ಕೆಳತುದಿಯಲ್ಲಿ ತಿರುಪಿನ ಹಾಗೆ ಸುತ್ತಿಕೊಂಡ ಒಂದು ಗಾಡಿ, ಅಂದರೆ ತೋಡು, ಇರುತ್ತದೆ. ಆ ತೋಡಿನೊಳಗೆ ಎರಡು ಚೂಪು ಗೂಟಗಳುಳ್ಳ ಒಂದು ಸನ್ನೆ ಕೂತಿರುತ್ತದೆ. ಚಕ್ರ ತಿರುಗಿದಾಗ ತೋಡು ಗೂಟಗಳನ್ನು ತಳ್ಳುತ್ತದೆ, ಸನ್ನೆ ತಿರುಗುತ್ತದೆ, ಡ್ರಾಪ್ ಆರ್ಮ್ ಆಡುತ್ತದೆ. ಇಲ್ಲಿ ಒಂದು ಗುಟ್ಟಿದೆ. ಈ ತೋಡು ಎಲ್ಲ ಕಡೆ ಒಂದೇ ಸಮವಾಗಿಲ್ಲ. ನಟ್ಟನಡುವೆ ಬಿಗುವಾಗಿಯೂ ಎರಡು ಕೊನೆಗಳ ಕಡೆ ಸ್ವಲ್ಪ ಸಡಿಲವಾಗಿಯೂ ಅದನ್ನು ಕೊರೆದಿರುತ್ತಾರೆ. ಗಾಡಿ ಹೆಚ್ಚು ಹೊತ್ತು ನೆಟ್ಟಗೆ ಓಡುವುದರಿಂದ ಆಗ ಚಕ್ರ ಅಲ್ಲಾಡಬಾರದೆಂದು ಈ ಏರ್ಪಾಡು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ರೋಗ ಎಲ್ಲಿದೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಸ್ಟೀರಿಂಗ್ ಬಿಗಿಯಾದಾಗ ಎಷ್ಟೋ ಮಂದಿ ಮಾಡುವುದು ಇದನ್ನೇ. ಬಿಗಿತ ಗಾಲಿಯ ಕಡೆ ಇದ್ದರೆ ಪೆಟ್ಟಿಗೆಯ ತಿರುಪನ್ನು ಸಡಿಲಿಸುತ್ತಾರೆ. ಪೆಟ್ಟಿಗೆಯಲ್ಲಿದ್ದರೆ ಟೈರಿಗೆ ಗಾಳಿ ತುಂಬುತ್ತಾರೆ. ಮೊದಲು ರೋಗದ ಜಾಗವನ್ನು ಬೇರ್ಪಡಿಸಬೇಕು.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಅಚ್ಚನ್ನು ಜ್ಯಾಕಿನಿಂದ ಎತ್ತಿ, ಗಟ್ಟಿಯಾದ ಊರೆಗಳ ಮೇಲೆ ಇಳಿಸಿ. ಬರೀ ಜ್ಯಾಕನ್ನು ನಂಬಿ ಗಾಡಿಯ ಕೆಳಗೆ ನುಸುಳಕೂಡದು. ಬ್ಯಾಟರಿಯ ಒಂದು ತಂತಿಯನ್ನು ಕಳಚಿಡಿ. ಆಮೇಲೆ ಡ್ರಾಪ್ ಆರ್ಮಿನಿಂದ ಡ್ರ್ಯಾಗ್ ಲಿಂಕನ್ನು ಬಿಡಿಸಿ. ಈಗ ಗಾಡಿ ಎರಡು ಪಾಲಾಯಿತು. ಮೇಲಿನ ಪಾಲಿನಲ್ಲಿ ಚಕ್ರ, ಕಂಬ, ಪೆಟ್ಟಿಗೆ. ಕೆಳಗಿನ ಪಾಲಿನಲ್ಲಿ ಸರಳುಗಳು, ಗಾಲಿಗಳು.

ಮುಂದಿನ ಗಾಲಿಗಳನ್ನು ಕೈಯಿಂದ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಅವು ಬಿಗಿಯಾಗಿದ್ದರೆ ಗಾಲಿಯ ಗೆಣ್ಣುಗಳಲ್ಲಿ ಗ್ರೀಸು ಒಣಗಿದೆ, ಇಲ್ಲವೇ ಬೇರಿಂಗು ಹಾಳಾಗಿದೆ, ಇಲ್ಲವೇ ಬೆಲ್ ಕ್ರ್ಯಾಂಕು ತುಕ್ಕು ಹಿಡಿದಿದೆ. ಗಾಲಿಗಳು ಹಗುರವಾಗಿ ಆಡಿದರೆ ಆ ಪಾಲು ಆರೋಗ್ಯವಾಗಿದೆ. ಆಮೇಲೆ ಮೇಲೆ ಕುಳಿತು ಚಕ್ರವನ್ನು ಎರಡು ಬೆರಳಿನಿಂದ ತಿರುಗಿಸಿ. ಲಿಂಕು ಬಿಡಿಸಿದಾಗ ಚಕ್ರ ಬಹಳ ಹಗುರವಾಗಿ ತಿರುಗಬೇಕು. ಆದರೆ ಕೊನೆಗೆ ಹೋಗಿ ರಭಸದಿಂದ ಬಡಿಯಕೂಡದು, ಒಳಗಿನ ಗೂಟಗಳಿಗೆ ಪೆಟ್ಟಾಗುತ್ತದೆ. ಬೆರಳಿಗೆ ಭಾರವಾದರೆ ರೋಗ ಮೇಲಿನ ಪಾಲಿನಲ್ಲಿದೆ ಎಂದು ನಿಶ್ಚಯ. ಬಿಚ್ಚಿ ಜೋಡಿಸಿದ ಗಾಡಿಗಳಲ್ಲಿ ಬಹುಮಟ್ಟಿಗೆ ಅದು ಅಲ್ಲಿಯೇ ಇರುತ್ತದೆ.

ಕಂಬ ಸೊಟ್ಟಗಿದ್ದರೆ

ಪೆಟ್ಟಿಗೆಯ ಯಾವ ತಿರುಪನ್ನೂ ಮುಟ್ಟುವ ಮೊದಲು ಡ್ಯಾಶಿನ ಪಟ್ಟಿಯ ಬೋಲ್ಟುಗಳನ್ನು ಸಡಿಲಿಸಿ. ನಮ್ಮ ಜೀಪಿನಲ್ಲಿ ಇದನ್ನು ಸಡಿಲಿಸಿದ ಕೂಡಲೇ ಕಂಬ ಟಕ್ಕನೆ ಅರ್ಧ ಅಂಗುಲ ಪಕ್ಕಕ್ಕೆ ಜಿಗಿಯಿತು. ಅಂದರೆ ಕಂಬವನ್ನು ಬಲವಂತವಾಗಿ ಬಗ್ಗಿಸಿ ಕಟ್ಟಿದ್ದರು. ಬಗ್ಗಿದ ಕೊಳವೆಯೊಳಗೆ ನೆಟ್ಟನೆಯ ಶಾಫ್ಟು ತಿರುಗುವುದು ಹೇಗೆ? ನೊಗ ಸೊಟ್ಟಗೆ ಕಟ್ಟಿದರೆ ಕಾಂಗೇಯದ ಎತ್ತೂ ಹೆಜ್ಜೆ ಇಡಲಾರದು.

ಕೂರಿಸುವ ಸರಿಯಾದ ಕ್ರಮ ಹೀಗೆ. ಪೆಟ್ಟಿಗೆಯನ್ನು ಚೌಕಟ್ಟಿಗೆ ಹಿಡಿಸುವ ಬೋಲ್ಟುಗಳನ್ನೂ ಡ್ಯಾಶಿನ ಪಟ್ಟಿಯನ್ನೂ ಎರಡನ್ನೂ ಸಡಿಲವಾಗಿಡಿ. ಕಂಬ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳಲಿ. ಮೊದಲು ಚೌಕಟ್ಟಿನ ಬೋಲ್ಟುಗಳನ್ನು ಬಿಗಿಯಿರಿ. ಆಗ ಕಂಬ ಡ್ಯಾಶಿನ ಪಟ್ಟಿಯೊಳಗೆ ತಾನಾಗಿ ಬಂದು ಕೂತರೆ ಪಟ್ಟಿಯನ್ನು ಬಿಗಿಯಿರಿ. ಕೂರದಿದ್ದರೆ ಪಟ್ಟಿಯನ್ನು ಸರಿಸಬೇಕೇ ಹೊರತು ಕಂಬವನ್ನು ಎಳೆಯಕೂಡದು. ಹಳೆಯ ಗಾಡಿಗಳ ಡ್ಯಾಶು ಡೊಂಕಾಗಿರುವುದುಂಟು. ಪಟ್ಟಿಯ ರಂಧ್ರವನ್ನು ಸ್ವಲ್ಪ ಉದ್ದ ಮಾಡುವುದರಿಂದಲೂ, ನಡುವೆ ತೆಳುತಗಡು ಇಡುವುದರಿಂದಲೂ ಇದು ಸರಿಹೋಗುತ್ತದೆ. ಬಿಗಿದ ಮೇಲೆ ಮತ್ತೆ ಎರಡು ಬೆರಳಿನ ಪರೀಕ್ಷೆ ಮಾಡಿ. ಸಡಿಲವಾಗಿದ್ದಾಗ ಹಗುರ, ಬಿಗಿದಾಗ ಭಾರ ಎಂದಾದರೆ ಸೊಟ್ಟು ಇನ್ನೂ ಉಳಿದಿದೆ.

ಪೆಟ್ಟಿಗೆ: ಮೊದಲು ಮೇಲಿನದು, ಆಮೇಲೆ ಪಕ್ಕದ್ದು

ಕಂಬ ಸರಿಯಾದ ಮೇಲೂ ಭಾರವಿದ್ದರೆ ಪೆಟ್ಟಿಗೆಯನ್ನು ನೋಡಬೇಕು. ಪೆಟ್ಟಿಗೆಗೆ ಎರಡು ಹೊಂದಾಣಿಕೆಗಳಿವೆ. ಒಂದು ಶಾಫ್ಟು ಮೇಲೆ ಕೆಳಗೆ ಆಡದಂತೆ ಮಾಡುವುದು. ಇನ್ನೊಂದು ಗೂಟಗಳು ತೋಡಿನಲ್ಲಿ ಎಷ್ಟು ಆಳ ಕೂರಬೇಕೆಂಬುದು. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಕೈ ಹಾಕಬಾರದು.

ಮೊದಲನೆಯದಕ್ಕಾಗಿ ಪೆಟ್ಟಿಗೆಯ ಪಕ್ಕದ ಮುಚ್ಚಳದಲ್ಲಿರುವ ಲಾಕ್ ನಟ್ಟನ್ನು ಬಿಡಿಸಿ, ನಡುವಿನ ತಿರುಪನ್ನು ಕೆಲವು ಸುತ್ತು ಹಿಂದಕ್ಕೆ ತೆಗೆಯಿರಿ. ಈಗ ಗೂಟಗಳು ತೋಡನ್ನು ಒತ್ತುವುದಿಲ್ಲ. ಚಕ್ರವನ್ನು ಎರಡೂ ಕೈಯಿಂದ ಹಿಡಿದು ನಿಮ್ಮ ಕಡೆಗೆ ಎಳೆದು, ಹಿಂದಕ್ಕೆ ತಳ್ಳಿ. ಶಾಫ್ಟು ಟಕ್ ಟಕ್ ಎಂದು ಆಡಿದರೆ ಬೇರಿಂಗು ಸಡಿಲ. ಆಡದೆ, ತಿರುಗಿಸಲು ಮಾತ್ರ ಭಾರವಾಗಿದ್ದರೆ ಬೇರಿಂಗು ಅತಿ ಬಿಗಿ. ಕಂಬವು ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಶಿಮ್ ಎಂಬ ತೆಳುವಾದ ಹಾಳೆಗಳಿರುತ್ತವೆ. ಹಾಳೆ ತೆಗೆದರೆ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲವಾಗುತ್ತದೆ. ತಲೆಗೂದಲಿನಷ್ಟು ತೆಳುವಾದ ಒಂದು ಹಾಳೆಯಿಂದಲೇ ವ್ಯತ್ಯಾಸ ತಿಳಿಯುತ್ತದೆ. ಬಿಚ್ಚಿದಾಗ ಹರಿದ ಹಾಳೆಗಳನ್ನು ಎಸೆದು ಅಂಟು ಮೆತ್ತಿ ಮುಚ್ಚುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಆ ಹಾಳೆಗಳು ಎಣ್ಣೆ ತಡೆಯುವುದಕ್ಕಾಗಿ ಮಾತ್ರ ಇರುವುದಲ್ಲ, ಅವು ಅಳತೆ. ಎಷ್ಟಿದ್ದವೋ ಅಷ್ಟನ್ನು ಎಣಿಸಿ ಒಂದು ತಂತಿಗೆ ಪೋಣಿಸಿಡಬೇಕು.

ಬೇರಿಂಗಿನ ಗುಂಡುಗಳನ್ನೂ ಹೀಗೆಯೇ ಎಣಿಸಿಡಬೇಕು. ಜೋಡಿಸುವಾಗ ಒಂದು ಗುಂಡು ತಪ್ಪಿ ಪೆಟ್ಟಿಗೆಯ ತಳಕ್ಕೆ ಬಿದ್ದರೆ ಚಕ್ರ ಒಂದು ಜಾಗದಲ್ಲಿ ಹಗುರ, ಇನ್ನೊಂದು ಜಾಗದಲ್ಲಿ ಭಾರ. ಕೆಲವು ವೇಳೆ ಆ ಗುಂಡು ತೋಡಿಗೆ ಸಿಕ್ಕಿ ಚಕ್ರವೇ ಕಚ್ಚಿಕೊಳ್ಳುತ್ತದೆ. ತಿರುಗಿಸುವಾಗ ಕೈಗೆ ಕಟಕಟ ಎಂದು ತಾಕುತ್ತಿದ್ದರೆ ಗುಂಡುಗಳ ಹಾದಿಯಲ್ಲಿ ಕುಳಿ ಬಿದ್ದಿದೆ. ಚಕ್ರವನ್ನು ಕಳಚುವಾಗ ಶಾಫ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆಯುವವರ ಗಾಡಿಗೆ ಈ ಕಾಯಿಲೆ ಬರುತ್ತದೆ. ಪೆಟ್ಟು ಮೇಲೆ ಬಿದ್ದರೂ ಏಟು ತಗಲುವುದು ಕೆಳಗಿನ ಗುಂಡುಗಳಿಗೆ. ಚಕ್ರ ಕಳಚಲು ಪುಲ್ಲರ್ ಎಂಬ ಸಾಧನವನ್ನೇ ಬಳಸಬೇಕು.

ಶಾಫ್ಟು ಆಡದೆ, ಹಗುರವಾಗಿ ತಿರುಗುವಂತಾಯಿತೆಂದರೆ ಎರಡನೆಯ ಹೊಂದಾಣಿಕೆ. ಇದು ನಡುವಿನಲ್ಲಿಯೇ ಆಗಬೇಕು. ಚಕ್ರವನ್ನು ಮೆಲ್ಲಗೆ ಒಂದು ಕೊನೆಗೆ ಒಯ್ದು, ಅಲ್ಲಿಂದ ಇನ್ನೊಂದು ಕೊನೆಯವರೆಗೆ ಎಷ್ಟು ಸುತ್ತೆಂದು ಎಣಿಸಿ. ಅದರ ಅರ್ಧಕ್ಕೆ ಹಿಂದಿರುಗಿ. ಅದೇ ನಡು. ಸೀಮೆಸುಣ್ಣದಿಂದ ಗುರುತು ಹಾಕಿ. ಈಗ ಪಕ್ಕದ ತಿರುಪನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತ, ಚಕ್ರವನ್ನು ನಡುವಿನ ಆಚೆಗೂ ಈಚೆಗೂ ಆಡಿಸುತ್ತಿರಿ. ನಡುವನ್ನು ದಾಟುವಾಗ ಬೆರಳಿಗೆ ಒಂದಿಷ್ಟೇ ತಡೆ ತಿಳಿಯಬೇಕು. ಅಷ್ಟಾದ ಕೂಡಲೇ ನಿಲ್ಲಿಸಿ. ತಿರುಪು ಕದಲದಂತೆ ತಿರುಪುಳಿಯಿಂದ ಹಿಡಿದುಕೊಂಡು ಲಾಕ್ ನಟ್ಟನ್ನು ಬಿಗಿಯಿರಿ. ಬಿಗಿದ ಮೇಲೆ ಮತ್ತೊಮ್ಮೆ ನಡು ದಾಟಿಸಿ ನೋಡಿ. ನಟ್ಟು ಬಿಗಿಯುವಾಗ ತಿರುಪು ತಾನೂ ಕೂಡ ಒಳಗೆ ಸರಿದಿರಬಹುದು.

ಕಾಲುವೆಯ ಏರಿಯ ಮೇಲೆ ನಮಗೆ ಆದದ್ದರ ಕಾರಣ ಇಲ್ಲಿ ಸಿಕ್ಕಿತು. ತಿರುಪನ್ನು ಬಿಗಿದವರು ಚಕ್ರ ಒಂದು ಕಡೆಗೆ ತಿರುಗಿದ್ದಾಗ ಬಿಗಿದಿದ್ದರು. ಅಲ್ಲಿ ತೋಡು ಸಹಜವಾಗಿಯೇ ಸಡಿಲ. ಆ ಸಡಿಲವನ್ನು ತಪ್ಪೆಂದು ತಿಳಿದು ತೆಗೆದುಹಾಕಿದ್ದರು. ಆಗ ಬಿಗುವಾದ ನಡುವಿಗೆ ಬಂದಾಗ ಗೂಟಗಳು ಕಚ್ಚಿಕೊಂಡವು. ತಿರುವಿನಿಂದ ಹಿಂದಿರುಗಿದ ಚಕ್ರ ನಡುವನ್ನು ಮುಟ್ಟಲಾರದೆ ನಿಂತಿತು. ಒಂದು ತಿರುಪು, ಕಾಲು ಸುತ್ತು, ಒಬ್ಬ ಹುಡುಗನ ಕೈ.

ಇನ್ನೊಂದು ಮಾತು. ನಡುವಿನಲ್ಲಿ ಸರಿಯಾಗಿ ಹೊಂದಿಸಿದ ಮೇಲೆ ಪಕ್ಕಗಳಲ್ಲಿ ಬಿಗಿಯಾಗುತ್ತಿದ್ದರೆ ತೋಡಿನ ನಡುಭಾಗ ಸವೆದಿದೆ ಎಂದು ತಿಳಿಯಬೇಕು. ತಿರುಪು ತಿರುಗಿಸಿದರೆ ಸವೆದ ಕಬ್ಬಿಣ ಬೆಳೆಯುವುದಿಲ್ಲ. ಶಾಫ್ಟನ್ನೂ ಸನ್ನೆಯನ್ನೂ ಬದಲಿಸುವುದೇ ದಾರಿ. ಪೆಟ್ಟಿಗೆಗೆ 90ರ ಗೇರ್ ಎಣ್ಣೆ ಹಾಕಬೇಕು. ಸೋರುತ್ತದೆಂದು ಗ್ರೀಸು ತುಂಬಿದರೆ ಅದು ಪಕ್ಕಕ್ಕೆ ಸರಿದು ನಿಂತು, ಗೂಟಗಳು ಒಣಗಿಯೇ ಓಡುತ್ತವೆ.

ಡ್ರಾಪ್ ಆರ್ಮಿನ ಹಲ್ಲು

ಎಲ್ಲ ಸರಿಯಿದ್ದರೂ ಗಾಡಿ ಬಲಕ್ಕೆ ಚೆನ್ನಾಗಿ ತಿರುಗಿ ಎಡಕ್ಕೆ ತಿರುಗದಿದ್ದರೆ, ಡ್ರಾಪ್ ಆರ್ಮನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿರುತ್ತಾರೆ. ಕಳಚುವ ಮೊದಲು ತೋಳಿಗೂ ಸನ್ನೆಯ ತುದಿಗೂ ಉಳಿಯಿಂದ ಒಂದು ಗೆರೆ ಹಾಕಿಡಬೇಕು. ಗಾಲಿಗಳು ನೆಟ್ಟಗಿರುವಾಗ ಪೆಟ್ಟಿಗೆಯೂ ತನ್ನ ನಡುವಿನಲ್ಲಿರಬೇಕು. ಇದು ಮುಖ್ಯ ನಿಯಮ.

ಅನೇಕರು ಮಾಡುವ ಮೋಸದ ಕೆಲಸವೊಂದಿದೆ. ನೆಟ್ಟಗೆ ಓಡುವಾಗ ಚಕ್ರದ ಕಡ್ಡಿ ಸೊಟ್ಟಗೆ ಕಂಡರೆ ಚಕ್ರವನ್ನೇ ಕಳಚಿ, ನೇರ ಮಾಡಿ ಹಾಕುತ್ತಾರೆ. ಕಣ್ಣಿಗೆ ಸರಿಯಾಯಿತು. ಆದರೆ ಪೆಟ್ಟಿಗೆ ಈಗಲೂ ನಡುವಿನಲ್ಲಿಲ್ಲ. ಸಡಿಲವಾದ ಭಾಗದಲ್ಲಿಯೇ ಗಾಡಿ ಓಡುತ್ತದೆ, ಚಕ್ರ ಅಲ್ಲಾಡುತ್ತದೆ. ಅಲ್ಲಾಟ ತೆಗೆಯಲು ಪಕ್ಕದ ತಿರುಪನ್ನು ಬಿಗಿಯುತ್ತಾರೆ. ಮುಂದಿನ ತಿರುವಿನಲ್ಲಿ ನಡು ದಾಟುವಾಗ ಅದು ಕಚ್ಚುತ್ತದೆ. ಮೊದಲು ಪೆಟ್ಟಿಗೆಯ ನಡು, ಆಮೇಲೆ ಡ್ರಾಪ್ ಆರ್ಮು, ಆಮೇಲೆ ಸರಳುಗಳ ಉದ್ದ, ಕಟ್ಟಕಡೆಗೆ ಚಕ್ರ.

ಡ್ರ್ಯಾಗ್ ಲಿಂಕನ್ನು ಮರಳಿ ಸಿಕ್ಕಿಸುವಾಗ ಅದರ ತುದಿಯ ಬಿರಡೆಯನ್ನು ಪೂರ್ತಿ ಬಿಗಿದು ಬಿಡಕೂಡದು. ಬಿಗಿದ ಮೇಲೆ ಅರ್ಧದಿಂದ ಒಂದು ಸುತ್ತಿನವರೆಗೆ ಹಿಂದಕ್ಕೆ ತೆಗೆದು, ರಂಧ್ರ ಹೊಂದಿದಲ್ಲಿ ಕಾಟರ್ ಪಿನ್ನು ಹಾಕಬೇಕು. ಪಿನ್ನು ಹೊಸದಾಗಿರಲಿ. ಬಗ್ಗಿಸಿ ನೆಟ್ಟಗೆ ಮಾಡಿದ ಹಳೆಯ ಪಿನ್ನು ಮುರಿಯುತ್ತದೆ.

ಸದ್ದು, ಹಾರ್ನು

ತಿರುಗಿಸುವಾಗ ಮೇಲ್ಗಡೆ ಕರಕರ ಎಂದರೆ ಕಂಬದ ಕೊಳವೆ ತುಸು ಮೇಲಕ್ಕೆ ಸರಿದು ಚಕ್ರದ ಗುಂಬಕ್ಕೆ ಉಜ್ಜುತ್ತಿದೆ. ಬುಡದ ಪಟ್ಟಿ ಸಡಿಲಿಸಿ ಕೊಳವೆಯನ್ನು ಇಳಿಸಿದರೆ ಸಾಕು. ಗುಂಡಿ ಬಿದ್ದ ರಸ್ತೆಯಲ್ಲಿ ಕಂಬ ಗಡಗಡ ಎಂದರೆ ಮೇಲಿನ ಬೇರಿಂಗಿನ ಸ್ಪ್ರಿಂಗನ್ನು ಹಾಕುವುದಕ್ಕೆ ಮರೆತಿದ್ದಾರೆ. ಚಕ್ರ ತಿರುಗಿಸಿದಾಗಲೆಲ್ಲ ಹಾರ್ನು ತಾನೇ ಕೂಗಿದರೆ, ಹಾರ್ನಿನ ತಂತಿಯ ಹೊದಿಕೆ ಜೋಡಿಸುವಾಗ ಹರಿದು ಕಬ್ಬಿಣಕ್ಕೆ ತಾಕುತ್ತಿದೆ. ಇದನ್ನು ಹಾಸ್ಯವೆಂದು ಬಿಡಬೇಡಿ. ಸಡಿಲ ತಂತಿ ಶಾಫ್ಟಿಗೆ ಸುತ್ತಿಕೊಂಡರೆ ಅದೂ ತಡೆಯಾಗುತ್ತದೆ.

ಬೇರೆ ಗಾಡಿಗಳು

ಅಂಬಾಸಿಡರ್ ಕಾರಿಗೆ ಈ ಪೆಟ್ಟಿಗೆಯಿಲ್ಲ. ಅದರದು ಹಲ್ಲುಸರಳಿನ ಏರ್ಪಾಡು. ಆದುದರಿಂದ ಪಕ್ಕದ ತಿರುಪಿನ ಮಾತು ಅದಕ್ಕೆ ಸಲ್ಲದು. ಆದರೆ ಕಂಬವನ್ನು ಬಗ್ಗಿಸಿ ಕಟ್ಟಬಾರದೆಂಬುದು ಅದಕ್ಕೂ ಸಲ್ಲುತ್ತದೆ. ಹಳೆಯ ಅಂಬಾಸಿಡರ್, ಫಿಯಟ್ ಕಾರುಗಳಲ್ಲಿ ಗೇರಿನ ಹಿಡಿಯೂ ಕಂಬದ ಮೇಲೆಯೇ ಇರುವುದರಿಂದ ಕಂಬ ಸೊಟ್ಟಾದರೆ ಸ್ಟೀರಿಂಗ್ ಜೊತೆಗೆ ಗೇರೂ ಸರಿಯಾಗಿ ಬೀಳದು. ಈಚಿನ ಜೀಪುಗಳಿಗೂ ಟ್ರಾಕ್ಟರುಗಳಿಗೂ ಬೇರೆ ಬೇರೆ ಮಾದರಿಯ ಪೆಟ್ಟಿಗೆಗಳುಂಟು. ಅವುಗಳ ಅಳತೆ ಬೇರೆ. ಬೇರ್ಪಡಿಸಿ ನೋಡುವ ಕ್ರಮ ಮಾತ್ರ ಎಲ್ಲಕ್ಕೂ ಒಂದೇ.

ರಸ್ತೆಗೆ ಇಳಿಸುವ ಮೊದಲು

ವರ್ಕ್‌ಶಾಪಿನಿಂದ ಗಾಡಿ ತರುವಾಗ ಹಣ ಕೊಡುವ ಮೊದಲು ಐದು ಕೆಲಸ ಮಾಡಿ.

1. ಮುಂದಿನ ಗಾಲಿಗಳನ್ನು ಎತ್ತಿಸಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೀವೇ ಚಕ್ರ ತಿರುಗಿಸಿ. ಎಲ್ಲಿಯೂ ಸಿಕ್ಕಬಾರದು.

2. ಚಕ್ರದ ನಟ್ಟು, ಡ್ರಾಪ್ ಆರ್ಮಿನ ನಟ್ಟು, ಚೌಕಟ್ಟಿನ ಬೋಲ್ಟುಗಳು, ಕಾಟರ್ ಪಿನ್ನುಗಳು, ಇಷ್ಟನ್ನೂ ಕಣ್ಣಾರೆ ನೋಡಿ.

3. ಗಾಲಿ ನೆಲದ ಮೇಲಿರುವಾಗ ಚಕ್ರವನ್ನು ಮೆಲ್ಲಗೆ ಅಲ್ಲಾಡಿಸಿ. ಗಾಲಿ ಕದಲುವ ಮೊದಲು ಚಕ್ರದ ಅಂಚು ಒಂದು ಅಂಗುಲಕ್ಕಿಂತ ಹೆಚ್ಚು ಆಡಿದರೆ ಕಾರಣ ಕೇಳಿ.

4. ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಎಂಟರ ಆಕಾರದಲ್ಲಿ ಓಡಿಸಿ. ತಿರುವು ಮುಗಿದಾಗ ಹಿಡಿತ ಸಡಿಲಿಸಿ ನೋಡಿ. ಚಕ್ರ ತಾನೇ ನಡುವಿಗೆ ಬರಬೇಕು.

5. ಮೊದಲ ದಿನ ಹೊರೆ ಹಾಕಬೇಡಿ, ಜನರನ್ನು ಕೂರಿಸಬೇಡಿ. ಸಂಜೆ ಬಂದು ಬೋಲ್ಟುಗಳನ್ನು ಮತ್ತೊಮ್ಮೆ ಸ್ಪಾನರಿನಿಂದ ಮುಟ್ಟಿ ನೋಡಿ.

ಆಳಿಯಾರಿನಿಂದ ವಾಲ್ಪಾರೆಗೆ ಹತ್ತುವ ರಸ್ತೆಯಲ್ಲಿ 40 ಕಡಿದಾದ ತಿರುವುಗಳಿವೆ. ಪ್ರತಿಯೊಂದು ತಿರುವಿನಲ್ಲಿಯೂ ಚಕ್ರ ಹೋಗಬೇಕು, ಪ್ರತಿಯೊಂದರಲ್ಲಿಯೂ ಹಿಂದಿರುಗಬೇಕು. ಅಲ್ಲಿ ಕಲ್ಲು ಅಡ್ಡ ಬರುವುದೆಂದು ನಂಬಿ ಹೋಗಲಾಗದು.

ನಮ್ಮ ಜಿಲ್ಲೆಗೆ ಮೋಟಾರಿನ ಕೆಲಸ ಹೊಸದಲ್ಲ. ಸೂಲೂರಿನ ಬಳಿಯ ಕಲಂಗಲ್ ಗ್ರಾಮದ ರೈತ ಕುಟುಂಬದಲ್ಲಿ 1893ರಲ್ಲಿ ಹುಟ್ಟಿದ ಜಿ. ಡಿ. ನಾಯ್ಡು ಅವರು 1920ರಲ್ಲಿ ಒಂದೇ ಒಂದು ಬಸ್ಸನ್ನು ಪೊಳ್ಳಾಚಿ ಮತ್ತು ಪಳನಿಗಳ ನಡುವೆ ಓಡಿಸಲಾರಂಭಿಸಿದರು. ದೊಡ್ಡ ಶಾಲೆಯ ಓದಿಲ್ಲದಿದ್ದರೂ ಯಂತ್ರಗಳನ್ನು ತಾವೇ ಬಿಚ್ಚಿ ನೋಡಿ ಕಲಿತವರು ಅವರು. ಅವರ ಹೆಸರಿನ ಕಾರುಗಳ ವಸ್ತುಸಂಗ್ರಹಾಲಯ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿದೆ. ಹಳೆಯ ಗಾಡಿ ಇರುವವರು ಮಕ್ಕಳೊಂದಿಗೆ ಒಮ್ಮೆ ನೋಡಿಬರಬಹುದು.

ನಮ್ಮ ತೋಟದ ಹುಡುಗನ ಕೈ ಕೂಡಿಕೊಂಡಿದೆ. ಈಗ ಅವನೇ ಜೀಪು ಓಡಿಸುತ್ತಾನೆ. ಪ್ರತಿ ಸಲ ಗಾಡಿ ರಿಪೇರಿಯಾಗಿ ಬಂದಾಗ ಬಯಲಿನಲ್ಲಿ ಎಂಟು ಹಾಕಿ, ಚಕ್ರ ನಡುವಿಗೆ ಬಂದುದನ್ನು ನೋಡಿದ ಮೇಲೆಯೇ ಅವನು ಕಾಯಿ ತುಂಬಲು ಬಿಡುವುದು. ವಾಚಕರೂ ಹಾಗೆಯೇ ಮಾಡಬೇಕೆಂದು ನಮ್ಮ ಬಿನ್ನಹ.